ಸಿಂಕಿನ ಕೆಳಗಿನ ಪೆನ್ಸಿಲ್ ಸಾಲು

ಗ್ಲೆನಿಸ್ ಪಾಸ್ಕೋಳನ್ನು ಅಂಗಡಿಯ ಗಾಜಿನ ಹಿಂದೆ ಮಾರಾಟಕ್ಕೆ ನಿಲ್ಲಿಸಿದರೆ ಚೀಟಿಯ ಮೇಲೆ ಏನೆಂದು ಬರೆಯುವುದು? ಎತ್ತರ ಐದಡಿ ಒಂದಂಗುಲ. ತೂಕ, ಇಲ್ಲಿನ ಇಪ್ಪತ್ತು ಕಿಲೋ ಚೀಲದ ಲೆಕ್ಕದಲ್ಲಿ, ಮೂರು ಚೀಲ ಸಿಮೆಂಟು. ಮೂರನೆಯದು ಸ್ವಲ್ಪ ಸೋರಿದ್ದು. ವಯಸ್ಸು ಅರವತ್ತೊಂಬತ್ತು. ಎಡ ಮಂಡಿ ಬದಲಿಸಿದ್ದು, ಉಳಿದ ಭಾಗಗಳೆಲ್ಲ ಮೊದಲಿನವೇ. ಕೈಗಳು ಬಳಸಿದವು, ಆದರೆ ಸವೆದಿಲ್ಲ. ಒಂದೇ ದೋಷ: ನಿಲ್ಲಿಸಿದರೆ ಅಲುಗಾಡುತ್ತದೆ, ಕೂರಿಸಿದರೆ ಎದ್ದುಬಿಡುತ್ತದೆ. ಬುದ್ಧಿ ಇರುವ ವ್ಯಾಪಾರಿ ಇಂಥ ಸರಕನ್ನು ಕೊಳ್ಳಲಾರ. ಅಪ್ಪಿತಪ್ಪಿ ಕೊಂಡವನು ಮಾರಲಾರ.

ಪೋರ್ಟ್ ಅಡಿಲೇಡಿನಲ್ಲಿ, ನದಿಯ ಈಚೆ ದಂಡೆಯ ಒಂದು ಮೋಟು ರಸ್ತೆಯಲ್ಲಿ ಹನ್ನೊಂದು ಮನೆಗಳಿವೆ. ಕಲ್ಲಿನ ಗೋಡೆ, ತಗಡಿನ ಸೂರು. ನೆಲದಡಿಯ ಉಪ್ಪುನೀರು ಸದ್ದಿಲ್ಲದೆ ಗೋಡೆಗೆ ಏರಿ ಗಾರೆಯನ್ನು ಹಪ್ಪಳದ ಹಾಗೆ ಉಬ್ಬಿಸಿ ಉದುರಿಸುತ್ತದೆ. ಆ ರಸ್ತೆಯವರು ಎದುರಾದಾಗ ಒಬ್ಬರನ್ನೊಬ್ಬರು ಮೊದಲು ಕೇಳುವುದು ಆರೋಗ್ಯವನ್ನಲ್ಲ, ಉಪ್ಪು ಎಲ್ಲಿಯವರೆಗೆ ಬಂತು ಎಂದು. ಮೊಣಕಾಲಿನವರೆಗೆ ಎಂದರೆ ಕ್ಷೇಮ. ಕಿಟಕಿಯವರೆಗೆ ಎಂದರೆ ಗ್ಲೆನಿಸ್‌ಗೆ ಹೇಳಿ ಕಳಿಸಬೇಕು.

ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ ಹನ್ನೊಂದು ಸಂಸಾರಗಳು, ಹೆಚ್ಚಿನವು ಗಂಡಸಿಲ್ಲದವು, ಸರ್ಕಾರದಿಂದ ಈ ಮನೆಗಳನ್ನು ಪಡೆದು ವಸತಿ ಸಹಕಾರ ಸಂಘ ಕಟ್ಟಿಕೊಂಡವು. ಮನೆ ಯಾರ ಸ್ವಂತದ್ದೂ ಅಲ್ಲ. ಬಾಡಿಗೆ ದುಡಿಮೆಯ ಕಾಲು ಭಾಗ. ಖಾಲಿಯಾದ ಮನೆಗೆ ಯಾರು ಬರಬೇಕೆಂದು ಆರಿಸುವವರು ತಾವೇ, ಸೋರಿದ ಸೂರು ಮುಚ್ಚುವವರೂ ತಾವೇ. ಮನೆಗೊಂದು ಮತ, ಮನೆಗೊಂದು ಕೆಲಸ. ಆಗ ಗ್ಲೆನಿಸ್ ಬಂದರಿನ ಉಣ್ಣೆ ಗೋದಾಮಿನಲ್ಲಿ ದುಡಿಯುತ್ತಿದ್ದಳು. ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹನ್ನೊಂದನೆಯ ಮನೆಗೆ ಬಂದವಳು ಕೆಲಸ ಹಂಚುವ ಸಭೆಗೆ ತಡವಾಗಿ ಹೋದಳು. ಖಜಾಂಚಿಗಿರಿ, ಕಾರ್ಯದರ್ಶಿಗಿರಿ, ತೋಟ ಎಲ್ಲ ಆಗಲೇ ಖರ್ಚಾಗಿದ್ದವು. ಉಳಿದದ್ದು ರಿಪೇರಿ.

ಅವಳಿಗೆ ಮೊಳೆಯ ತಲೆ ಯಾವುದು, ಮೂತಿ ಯಾವುದು ಎಂಬುದಷ್ಟೇ ಗೊತ್ತಿತ್ತು. ಆ ಚಳಿಗಾಲದಲ್ಲಿ ಐದನೆಯ ಮನೆಯ ಕಕ್ಕಸಿನ ತೊಟ್ಟಿ ಒಡೆದು ನಾಲ್ಕು ದಿನವಾದರೂ ಪ್ಲಂಬರ್ ಬರಲಿಲ್ಲ. ಗ್ಲೆನಿಸ್ ಗ್ರಂಥಾಲಯಕ್ಕೆ ಹೋಗಿ ಪ್ಲಂಬಿಂಗ್ ಪುಸ್ತಕ ತಂದಳು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಸ್ಪ್ಯಾನರ್ ಹಿಡಿದು, ಆ ಮನೆಯಾಕೆಯ ಕೈಗೆ ಟಾರ್ಚ್ ಕೊಟ್ಟು ಕೆಲಸಕ್ಕೆ ಇಳಿದಳು. ತೊಟ್ಟಿ ಸೋರುವುದು ನಿಂತಿತು, ಪುಸ್ತಕ ಒದ್ದೆಯಾಯಿತು. ಗ್ರಂಥಾಲಯದವರು ದಂಡ ಹಾಕುವ ಬದಲು ಪುಸ್ತಕವನ್ನೇ ಇಟ್ಟುಕೋ ಅಂದರು.

ಮರುವರ್ಷ ಒಂದು ಜಗಳವಾಯಿತು. ನಮ್ಮ ಮನೆಗೆ ಯಾರೂ ರಿಪೇರಿಗೆ ಬಂದಿಲ್ಲ ಎಂದು ಒಬ್ಬಳು, ನಿನ್ನ ಮನೆಗೆ ಮೂರು ಸಲ ಹೋಗಿದ್ದನ್ನು ನಾನೇ ನೋಡಿದೀನಿ ಎಂದು ಇನ್ನೊಬ್ಬಳು. ಸಭೆ ಮೂರು ಗಂಟೆ ನಡೆದು, ಕೇಕು ಮುಗಿದು, ಜಗಳ ಹಾಗೇ ಉಳಿಯಿತು. ಅಂದಿನಿಂದ ಗ್ಲೆನಿಸ್ ಒಂದು ಪದ್ಧತಿ ಹಿಡಿದಳು. ಯಾವ ಮನೆಯಲ್ಲಿ ಏನು ಮಾಡಿದರೂ ಆ ಮನೆಯ ಸಿಂಕಿನ ಕೆಳಗಿನ ಕಪಾಟಿನ ಬಾಗಿಲ ಒಳಮೈಯಲ್ಲಿ ಬಡಗಿಯ ಪೆನ್ಸಿಲಿನಿಂದ ಒಂದು ಸಾಲು ಬರೆಯುವುದು: ದಿನಾಂಕ, ಕೆಲಸ, ಟಾರ್ಚ್ ಹಿಡಿದವರ ಹೆಸರು. ಟಾರ್ಚ್ ಹಿಡಿಯುವುದು ಮನೆಯವರ ಕರ್ತವ್ಯ. ಹಿಡಿದವರು ಮುಂದೆ ಯಾರೂ ಬರಲಿಲ್ಲ ಎನ್ನುವಂತಿಲ್ಲ. ಬರಿಯ ಸುಣ್ಣ, ಸಿಮೆಂಟು, ತಂತಿ, ವಾಷರುಗಳಲ್ಲಿ ಮೂವತ್ತೊಂದು ವರ್ಷ ಹಾಗೆ ಕಳೆಯಿತು. ಹೊರಗಿನ ಆಳನ್ನು ಕರೆಯಲಿಲ್ಲ, ಆದ್ದರಿಂದ ಬಿಲ್ಲು ಎಂಬುದೇ ಹುಟ್ಟಲಿಲ್ಲ. ಇದನ್ನು ಅವರೆಲ್ಲ ದೊಡ್ಡ ಜಾಣತನ ಎಂದುಕೊಂಡಿದ್ದರು.

ಸಂಘಕ್ಕೂ ವಯಸ್ಸಾಯಿತು. ಖಜಾಂಚಿ ತೀರಿಕೊಂಡ ಮೇಲೆ ಆ ಕುರ್ಚಿಗೆ ಯಾರೂ ಬರಲಿಲ್ಲ. ರಿಜಿಸ್ಟ್ರಾರ್ ಕಚೇರಿ ವರ್ಷಕ್ಕೊಂದು ಹೊಸ ನಿಯಮಾವಳಿ ಕೇಳತೊಡಗಿತು: ಅಪಾಯ ನಿರ್ವಹಣೆಯ ನೀತಿ, ದೂರು ನಿರ್ವಹಣೆಯ ನೀತಿ, ನೀತಿಗಳನ್ನು ನಿರ್ವಹಿಸುವ ನೀತಿ. ಏಳನೆಯ ಮನೆಯ ಲಿಯೆನ್, ಸೈಗಾನಿನಿಂದ ದೋಣಿಯಲ್ಲಿ ಬಂದು ಇಲ್ಲಿ ಹೊಲಿಗೆ ಮಾಡಿ ಬದುಕಿದವಳು, ಇಪ್ಪತ್ತೆರಡು ವರ್ಷದಿಂದ ಕಾರ್ಯದರ್ಶಿ. ಸಭೆಯ ನಡಾವಳಿ ಬರೆದು ಬರೆದು ಕಣ್ಣು ಹೋಯಿತು, ಸೂಜಿಗೆ ದಾರ ಪೋಣಿಸುವುದಕ್ಕೂ ಆಗುತ್ತಿಲ್ಲ ಎಂದು ಅವಳು ಸಭೆಯಲ್ಲೇ ಹೇಳಿಬಿಟ್ಟಳು. ದಾರಿ ಒಂದೇ ಇತ್ತು. ಅದೇ ದಂಡೆಯ ಇನ್ನೆರಡು ಸಣ್ಣ ಸಂಘಗಳ ಜೊತೆ ಸೇರಿ, ಮೂರೂ ಒಟ್ಟಿಗೆ ಲಾಭಕ್ಕಲ್ಲದ ಒಂದು ದೊಡ್ಡ ವಸತಿ ಸಂಸ್ಥೆಯಲ್ಲಿ ವಿಲೀನವಾಗುವುದು. ಲಾಭವಿಲ್ಲದ ವ್ಯಾಪಾರವನ್ನು ಅನೇಕರು ಮಾಡುತ್ತಾರೆ, ಆದರೆ ಬೇಕೆಂದೇ ಮಾಡುವವರು ಕಡಿಮೆ. ರಸ್ತೆಯವರಿಗೆ ಆ ಸಂಸ್ಥೆಯ ಮೇಲೆ ಸ್ವಲ್ಪ ಗೌರವ, ಸ್ವಲ್ಪ ಅನುಮಾನ. ಬೇಡವೆಂದರೆ ನೋಂದಣಿ ರದ್ದಾಗಿ ಮನೆಗಳು ಸರ್ಕಾರಕ್ಕೆ ಮರಳುತ್ತವೆ. ಆಮೇಲೆ ಏನು ಎಂದು ಯಾರಿಗೂ ಗೊತ್ತಿಲ್ಲ.

ಹನ್ನೊಂದು ಮತದಲ್ಲಿ ಒಂಬತ್ತು ಬೇಕು. ಎಂಟು ಒಪ್ಪಿದ್ದವು, ಎರಡು ಸುತರಾಂ ಇಲ್ಲ. ಉಳಿದದ್ದು ಗ್ಲೆನಿಸ್‌ಳದು.

ಅಷ್ಟರಲ್ಲಿ ದೊಡ್ಡ ಸಂಸ್ಥೆಯಿಂದ ಮಾರಿಬೆಲ್ ಎಂಬಾಕೆ ಮನೆಗಳ ಸ್ಥಿತಿ ಬರೆದುಕೊಳ್ಳಲು ಬಂದರು. ಐವತ್ತರ ಹೆಂಗಸು, ಫಿಲಿಪೀನ್ಸ್ ಕಡೆಯವರು, ಧೂಳಿಗೆ ಹೆದರದ ಬೂಟು. ಹತ್ತು ವರ್ಷದ ರಿಪೇರಿ ಬಿಲ್ಲುಗಳನ್ನು ಕೊಡಿ ಎಂದರು. ಮೊದಲ ನಾಲ್ಕು ಮನೆಗಳ ಸೂರನ್ನು ಹಿಂದೊಮ್ಮೆ ಸರ್ಕಾರದ ಗುತ್ತಿಗೆದಾರರು ಬದಲಿಸಿದ್ದರು, ಅದರ ಕಾಗದವಿತ್ತು. ಉಳಿದ ಏಳಕ್ಕೆ ಏನೂ ಇಲ್ಲ. ಎರಡು ವಾರದ ಮೇಲೆ ಬಂದ ವರದಿಯಲ್ಲಿ ಆ ಏಳರ ಮುಂದೆ ಒಂದೇ ವಾಕ್ಯವಿತ್ತು: ನಿರ್ವಹಣೆಯ ಪುರಾವೆ ಇಲ್ಲ, ಐದು ವರ್ಷದೊಳಗೆ ಮಾರಿಬಿಡಬಹುದು.

ಗ್ಲೆನಿಸ್ ಅದನ್ನು ಲಿಯೆನ್‌ಳ ಅಡುಗೆಮನೆಯಲ್ಲಿ ನಿಂತೇ ಓದಿದಳು. ಮೂವತ್ತೊಂದು ವರ್ಷ ಅವಳು ಮಂಡಿಯೂರಿದ ಮನೆಗಳು. ಅವುಗಳಲ್ಲಿ ಲಿಯೆನ್‌ಳ ಮನೆಯೂ ಒಂದು, ಗ್ಲೆನಿಸ್ ಇದ್ದ ಹನ್ನೊಂದನೆಯದೂ ಒಂದು.

"ಪುರಾವೆ ಇಲ್ವಂತೆ" ಅಂದಳು.

ಲಿಯೆನ್ ಕಾಲಿನಿಂದ ಸಿಂಕಿನ ಕೆಳಗಿನ ಕಪಾಟನ್ನು ತಟ್ಟಿದಳು. "ಇದೇನು ಮತ್ತೆ, ನನ್ನ ಮದುವೆ ಕಾಗದವಾ? ಕರಿ ಅವಳನ್ನ. ಬಂದು ಬಗ್ಗಿ ನೋಡ್ಲಿ."

ಆ ಮಧ್ಯಾಹ್ನವೇ ಸಂಸ್ಥೆಗೆ ಕಾಗದ ಹೋಯಿತು. ಮರುಪರಿಶೀಲನೆ ಗುರುವಾರ, ಮತದಾನ ಭಾನುವಾರ ಎಂದು ಗೊತ್ತಾಯಿತು. ರಸ್ತೆಯವರು ಗೆದ್ದೆವೆಂದು ನಿಟ್ಟುಸಿರುಬಿಟ್ಟರು. ಗ್ಲೆನಿಸ್‌ಗೆ ಮಾತ್ರ ಅಂದಿನಿಂದ ಕಾಲು ನಿಲ್ಲಲಿಲ್ಲ. ಬಿಗಿಯಾಗಿದ್ದ ನಲ್ಲಿಗಳನ್ನು ಬಿಚ್ಚಿ ಮತ್ತೆ ಬಿಗಿದಳು. ಆರನೆಯ ಮನೆಯ ಸೂರಿನ ನೀರುದೋಣಿಯನ್ನು ಎರಡು ಸಲ ತೊಳೆದಳು. ಮಾತಿನ ಮಧ್ಯೆ ಎದ್ದು ಹೋಗುವಳು, ಬೇರೆ ಮನೆಯಲ್ಲಿ ಪ್ರತ್ಯಕ್ಷಳಾಗಿ ಏನಾದರೂ ಸೋರುತ್ತಿದೆಯೇ ಎಂದು ಕೇಳುವಳು. ಸೋರುತ್ತಿಲ್ಲ ಎಂದರೆ ಅವಳ ಮುಖ ಸಪ್ಪೆಯಾಗುತ್ತಿತ್ತು.

ಕಾರಣವನ್ನು ಅವಳು ಯಾರಿಗೂ ಹೇಳಲಿಲ್ಲ. ಬಾಗಿಲುಗಳ ಮೇಲಿದ್ದದ್ದು ವಾಷರು, ಗಾರೆಯ ಲೆಕ್ಕ ಮಾತ್ರವಲ್ಲ. ವಿದ್ಯುತ್ತಿನ ಕೆಲಸವನ್ನು ಪರವಾನಗಿ ಇದ್ದವರು ಮಾತ್ರ ಮಾಡಬೇಕೆಂದು ಕಾನೂನು; ಗ್ಲೆನಿಸ್‌ಗೆ ಇದ್ದ ಪರವಾನಗಿಯೆಂದರೆ ಒದ್ದೆಯಾದ ಆ ಪುಸ್ತಕ. ಹದಿನಾರು ಸಾಕೆಟ್‌ಗಳನ್ನು ಅವಳು ಕೈಯಾರೆ ಬದಲಿಸಿದ್ದಳು, ಹದಿನಾರನ್ನೂ ಪ್ರಾಮಾಣಿಕವಾಗಿ ಬರೆದಿದ್ದಳು. ಲಿಯೆನ್‌ಳ ಬಾಗಿಲಲ್ಲಿ ಅದಕ್ಕಿಂತ ಕೆಟ್ಟ ಸಾಲೊಂದಿತ್ತು. ಆರು ವರ್ಷದ ಹಿಂದೆ ಫ್ರಿಜ್ಜಿನ ಹಿಂದಿನ ಸಾಕೆಟ್ ಬದಲಿಸಿದ ಮೂರೇ ವಾರಕ್ಕೆ ಅದು ಸುಟ್ಟು, ಗೋಡೆಯ ಮೇಲೆ ಮೊಳದುದ್ದ ಮಸಿ ಹತ್ತಿತ್ತು. ಲಿಯೆನ್ ಮನೆಯಲ್ಲೇ ಇದ್ದುದರಿಂದ ಅಷ್ಟಕ್ಕೇ ನಿಂತಿತು. ಯಾವುದೋ ತಿರುಪು ಸಡಿಲ ಬಿಟ್ಟಿರಬೇಕು ಎಂದುಕೊಂಡು ಗ್ಲೆನಿಸ್ ಬರೆದಿದ್ದಳು: ಸಾಕೆಟ್ ಸುಟ್ಟಿತು. ತಪ್ಪು ನನ್ನದು. ಟಾರ್ಚ್: ಲಿಯೆನ್.

ಬಾಗಿಲು ತೋರಿಸಿದರೆ ಮನೆಗಳು ಉಳಿಯಬಹುದು, ತಾನು ಸಿಕ್ಕಿಬೀಳುತ್ತೇನೆ. ಸುಟ್ಟ ಗೋಡೆಯ ಸುದ್ದಿ ಕೇಳಿ ಸಂಸ್ಥೆಯೇ ಹಿಂದೆ ಸರಿದರೆ ಎಲ್ಲರೂ ಬೀದಿಗೆ. ತೋರಿಸದಿದ್ದರೆ ಏಳು ಮನೆ ಹೋದವೆಂದೇ ಲೆಕ್ಕ.

ಬುಧವಾರ ಬೆಳಿಗ್ಗೆ ಅವಳು ಮೂಲೆಯ ಹಾರ್ಡ್‌ವೇರ್ ಅಂಗಡಿಗೆ ಹೋದಳು. ಪೆನ್ಸಿಲ್ ಅಳಿಸುವ ರಬ್ಬರ್ ಇದೆಯಾ ಎಂದು ಕೇಳಿದಳು. ಇಪ್ಪತ್ತು ವರ್ಷ ಆ ಅಂಗಡಿಯಲ್ಲಿ ಬಡಗಿ ಪೆನ್ಸಿಲ್ ಕೊಂಡವಳು ರಬ್ಬರ್ ಕೇಳಿದ್ದು ಅದೇ ಮೊದಲು. ಅಂಗಡಿಯವನು ವರದಿಯ ಸುದ್ದಿ ಕೇಳಿದ್ದ; ಯಾಕೆ ಎಂದು ಕೇಳಲಿಲ್ಲ.

"ರಬ್ಬರ್ ಇಲ್ಲ. ಸ್ಯಾಂಡ್‌ಪೇಪರ್ ಇದೆ, ನುಣ್ಣಗಿನದು. ಆದ್ರೆ ಗ್ಲೆನಿಸ್, ಹಳೇ ಬಣ್ಣದ ಮೇಲೆ ಉಜ್ಜಿದ್ರೆ ಬಿಳಿ ಮಚ್ಚೆ ಬೀಳುತ್ತೆ. ಅಲ್ಲಿ ಏನೋ ಇತ್ತು ಅಂತ ಕುರುಡನಿಗೂ ಗೊತ್ತಾಗುತ್ತೆ. ಬಾಗಿಲನ್ನೇ ಬದಲಾಯಿಸ್ಬಿಡು. ಒಳಗೆ ಅದೇ ಅಳತೇದು ಇದೆ, ಕೀಲುಸಮೇತ ಕೊಡ್ತೀನಿ."

"ನನ್ನ ಹೆಣ ಹೋಗೋವಾಗ್ಲೂ ನೀನು ಕೀಲು ಮಾರ್ತೀಯ" ಎಂದು ಗ್ಲೆನಿಸ್ ಒಂದೇ ಒಂದು ಹಾಳೆ ಸ್ಯಾಂಡ್‌ಪೇಪರ್ ಕೊಂಡಳು.

ಲಿಯೆನ್ ಸಂತೆಗೆ ಹೋಗುವ ಹೊತ್ತು ನೋಡಿಕೊಂಡು ಏಳನೆಯ ಮನೆಗೆ ಹೋದಳು. ಹನ್ನೊಂದು ಮನೆಗಳ ಬೀಗದಕೈಯೂ ಅವಳ ಸೊಂಟದಲ್ಲೇ ಇರುತ್ತಿತ್ತು. ಸಿಂಕಿನ ಮುಂದೆ ಕುಳಿತು ಕಪಾಟು ತೆರೆದಳು. ಮೇಲಿನಿಂದ ಕೆಳಗೆ ನಲವತ್ತೆರಡು ಸಾಲುಗಳು. ಮೇಲಿನವು ಮಸುಕಾಗಿದ್ದವು. ಕೆಳಗಿನವು ಓರೆಯಾಗಿದ್ದವು, ಮಂಡಿ ಬದಲಿಸಿದ ಮೇಲೆ ಅವಳು ಮಲಗಿಕೊಂಡು ಬರೆಯುತ್ತಿದ್ದಳು. ಬೇಕಾದ ಸಾಲು ನಡುವೆಯೇ ಸಿಕ್ಕಿತು. ಹಾಳೆಯನ್ನು ಬೆರಳಿಗೆ ಸುತ್ತಿಕೊಂಡು 'ಸಾಕೆಟ್' ಎಂಬಲ್ಲಿ ಎರಡು ಸಲ ಉಜ್ಜಿದಳು. ಅಂಗಡಿಯವನು ಹೇಳಿದ ಹಾಗೆಯೇ ಬಿಳಿ ಮಚ್ಚೆ ಎದ್ದಿತು.

"ಪೈಪು ಸರಿಯಾಗೇ ಇದೆ" ಎಂದಿತು ಹಿಂದಿನಿಂದ ಧ್ವನಿ. ಲಿಯೆನ್ ಕೊತ್ತಂಬರಿ ಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಚೀಲ ಮರೆತು ಹೋಗಿ, ಸಂತೆಯನ್ನು ಅರ್ಧಕ್ಕೇ ಬಿಟ್ಟು ತಿರುಗಿದವಳು.

ಗ್ಲೆನಿಸ್ ಏಳಲು ಹೋಗಿ ತಲೆಯನ್ನು ಸಿಂಕಿಗೆ ಬಡಿದುಕೊಂಡಳು. ಲಿಯೆನ್ ಬಗ್ಗಿ ಬಾಗಿಲನ್ನೂ ನೋಡಿದಳು, ಬೆರಳಿಗೆ ಸುತ್ತಿದ ಕಾಗದವನ್ನೂ ನೋಡಿದಳು.

"ಸುಟ್ಟಿದ್ದು ನನ್ನ ಗೋಡೆ. ಅಳಿಸೋದಕ್ಕೆ ನನ್ನ ಕೇಳ್ಬೇಕಿತ್ತು ತಾನೆ?"

"ಇದನ್ನ ನೋಡಿದ್ರೆ ಅವ್ರು ನಮ್ಮನ್ನ ತಗೊಳ್ಳಲ್ಲ ಲಿಯೆನ್."

"ಇದನ್ನ ಅಳಿಸಿದ್ರೆ ಮಿಕ್ಕ ನಲವತ್ತೊಂದನ್ನ ಯಾರು ನಂಬ್ತಾರೆ? ತಪ್ಪು ನನ್ನದು ಅಂತ ಯಾವ ಬಿಲ್ಲಲ್ಲಾದ್ರೂ ಬರೆದಿರುತ್ತಾ? ನಾನು ಇಪ್ಪತ್ತೆರಡು ವರ್ಷ ನಡಾವಳಿ ಬರೆದೋಳು. ಬೇಡದ್ದನ್ನ ಬಿಟ್ಟುಬಿಟ್ಟು ಬರೆಯೋದು ಹೇಗೆ ಅಂತ ನಂಗೆ ಚೆನ್ನಾಗಿ ಗೊತ್ತು. ನಿಂಗೆ ಗೊತ್ತಿಲ್ಲ. ಅದಕ್ಕೇ ನಿನ್ನ ಬಾಗಿಲು ನಂಬೋ ಹಾಗಿದೆ."

ಆಮೇಲೆ ಕಪಾಟಿನ ಮೂಲೆಯಲ್ಲಿ ಸದಾ ಇರುತ್ತಿದ್ದ ಪೆನ್ಸಿಲನ್ನು ಎತ್ತಿ ಅವಳ ಕೈಗಿಟ್ಟಳು. ಗ್ಲೆನಿಸ್ ಬಿಳಿ ಮಚ್ಚೆಯ ಮೇಲೆ 'ಸಾಕೆಟ್' ಎಂದು ಮತ್ತೆ ಬರೆದಳು. ಅಳಿಸಲು ಹೋದದ್ದನ್ನೂ ದಿನಾಂಕ ಹಾಕಿ ಬರೆಯಬೇಕೇ ಎಂದು ಕೇಳಿದಳು. ಹುಚ್ಚಾ ನಿಂಗೆ ಎಂದು ಲಿಯೆನ್ ಕಪಾಟು ಮುಚ್ಚಿದಳು.

ಗುರುವಾರ ಮಾರಿಬೆಲ್ ಬಂದರು. ಐದನೆಯ ಮನೆಯಲ್ಲಿ ಟಾರ್ಚ್ ಹಿಡಿದು ಬಗ್ಗಿದವರು ಕಾಲು ಗಂಟೆಯಾದರೂ ಏಳಲಿಲ್ಲ. ಒಂದೊಂದು ಸಾಲನ್ನು ಓದುವುದು, ಹೋಗಿ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುವುದು, ಬಂದು ಫೋಟೋ ತೆಗೆಯುವುದು. ಗ್ಲೆನಿಸ್ ಅವರ ಹಿಂದೆ ಒಮ್ಮೆ ಒಳಗೆ, ಒಮ್ಮೆ ಹೊರಗೆ. ಏಳನೆಯ ಮನೆಯಲ್ಲಿ ಆ ಸಾಲು ಬಂದಾಗ ಮಾರಿಬೆಲ್ ಅದನ್ನು ಎರಡು ಸಲ ಓದಿದರು.

"ಇದು ನೀವೇ ಮಾಡಿದ್ದಾ?"

"ಹೌದು. ಇಂಥವು ಹದಿನಾರಿವೆ. ಸುಟ್ಟಿದ್ದು ಇದೊಂದೇ."

"ಸಾಕೆಟ್ ಎಲ್ಲಿಂದ ತಂದ್ರಿ?"

ರಸ್ತೆಯ ಮೂಲೆಯ ಅಂಗಡಿ ಆ ಕಿಟಕಿಯಿಂದಲೇ ಕಾಣುತ್ತಿತ್ತು. "ನೆನಪಿಲ್ಲ" ಎಂದಳು ಗ್ಲೆನಿಸ್. ಅಷ್ಟು ವರ್ಷದ ದಿನಾಂಕಗಳನ್ನು ಬಾಯಲ್ಲೇ ಹೇಳಬಲ್ಲ ಹೆಂಗಸು.

ಮಾರಿಬೆಲ್ ಮುಚ್ಚುಮರೆ ಮಾಡಲಿಲ್ಲ. ಹದಿನಾರು ಸಾಕೆಟ್‌ಗಳನ್ನೂ ಪರವಾನಗಿ ಇದ್ದವರು ಬಿಚ್ಚಿ ನೋಡಬೇಕು, ತಾನೇ ಮಾಡಿದ್ದೆಂದು ಗ್ಲೆನಿಸ್ ಬರೆದು ಸಹಿ ಹಾಕಬೇಕು ಅಂದರು. ಅದಾದರೆ ಈ ಬಾಗಿಲುಗಳನ್ನು ಪುರಾವೆ ಎಂದು ಒಪ್ಪಿಸುವ ಹೊಣೆ ತನ್ನದು. ಇಷ್ಟು ಉಪ್ಪಿನಲ್ಲಿ ಇಷ್ಟು ಗಟ್ಟಿ ನಿಂತ ಗೋಡೆಗಳನ್ನು ಈ ದಂಡೆಯಲ್ಲಿ ಬೇರೆಲ್ಲೂ ಕಂಡಿಲ್ಲ. ಹೀಗೆ ಹತ್ತನೆಯದರವರೆಗೆ ಆರು ಮನೆ ಮುಗಿದವು.

ಹನ್ನೊಂದನೆಯ ಮನೆಯಲ್ಲಿ ಅವರು ಸಿಂಕಿನ ಕಪಾಟು ತೆರೆದರು. ಬಾಗಿಲ ಒಳಮೈ ಅಂಗಡಿಯಿಂದ ಬಂದ ದಿನದ ಹಾಗೇ ಖಾಲಿ.

"ಇಲ್ಲಿ?"

ಲಿಯೆನ್ ಕೂಡ ಬಗ್ಗಿ ನೋಡಿದಳು. ಮೂವತ್ತೊಂದು ವರ್ಷದಲ್ಲಿ ಗ್ಲೆನಿಸ್‌ಳ ಸಿಂಕಿನ ಕೆಳಗೆ ಯಾರೂ ಬಗ್ಗಿರಲಿಲ್ಲ, ಬಗ್ಗುವ ಕೆಲಸ ಅವಳದಾಗಿತ್ತು.

"ಇಲ್ಲಿ ಟಾರ್ಚ್ ಹಿಡಿಯೋರು ಯಾರಿದ್ರು? ಮಕ್ಕಳು ಆಗ ಚಿಕ್ಕವು, ದೊಡ್ಡವಾದ್ಮೇಲೆ ಹೊರಟ್ಹೋದ್ವು." ಅಂದಳು ಗ್ಲೆನಿಸ್. "ಆಮೇಲೆ ಮಾಡೋಣ ಅಂತ ಬಿಡ್ತಾ ಬಂದೆ."

ಅದು ನೆಪವಲ್ಲ. ಮಲಗುವ ಕೋಣೆಯ ಬೀರು ಸರಿಸಿದರೆ ಉಪ್ಪು ಕಿಟಕಿಯ ಕೆಳಗಿನ ಅಂಚನ್ನು ದಾಟಿ ಎದೆಯ ಮಟ್ಟಕ್ಕೆ ಬಂದಿತ್ತು. ಮಾರಿಬೆಲ್ ಗೋಡೆಯನ್ನು ತಟ್ಟಿದರೆ ಅದು ತಟ್ಟಿದ ಸದ್ದು ಮಾಡಲಿಲ್ಲ, ಉದುರಿದ ಸದ್ದು ಮಾಡಿತು. ಆ ಮನೆಯ ಮುಂದಿನ ವಾಕ್ಯವನ್ನು ತಾನು ಬದಲಿಸಲಾರೆ ಎಂದು ಅವರು ಬಹಳ ಮೆಲ್ಲಗೆ ಹೇಳಿದರು. ಲಿಯೆನ್ ಅವತ್ತು ಗ್ಲೆನಿಸ್‌ಳನ್ನು ಬೈದ ಬೈಗುಳದಲ್ಲಿ ಅರ್ಧ ವಿಯೆಟ್ನಾಮೀ ಭಾಷೆಯಲ್ಲಿದ್ದುದರಿಂದ ಪೂರ್ತಿ ಯಾರಿಗೂ ತಿಳಿಯಲಿಲ್ಲ.

ಹಾಗಾಗಿ ಶನಿವಾರದ ಹೊತ್ತಿಗೆ ಲೆಕ್ಕ ಹೀಗಿತ್ತು. ವಿಲೀನವಾದರೆ ಹತ್ತು ಮನೆಗಳು ನಿಲ್ಲುತ್ತವೆ, ಒಂದು ಹೋಗುತ್ತದೆ. ಆ ಒಂದು ಮನೆಯ ಮತವೇ ಒಂಬತ್ತನೆಯದು. ಇಲ್ಲವೆಂದರೆ ಗ್ಲೆನಿಸ್ ಇನ್ನೂ ಒಂದಷ್ಟು ಕಾಲ ತನ್ನ ಉಪ್ಪಿನ ಗೋಡೆಗಳ ನಡುವೆಯೇ ಇರಬಹುದಿತ್ತು. ಹಾಗೆ ಹೇಳು ಎಂದು ವಿರೋಧಿ ಇಬ್ಬರೂ ಬಂದು ಕಿವಿ ಕಚ್ಚಿದರು. ಅವಳು ಕೂತು ಕೇಳಲಿಲ್ಲ, ಅವರ ಸೈಕಲ್ಲಿನ ಬ್ರೇಕು ಸರಿಮಾಡುತ್ತ ಕೇಳಿದಳು.

ಭಾನುವಾರ ಸಭೆ ಚರ್ಚಿನ ಹಿಂದಿನ ಹಾಲಿನಲ್ಲಿ. ಲಿಯೆನ್ ಕರಿದ ರೋಲುಗಳನ್ನು ತಂದಿದ್ದಳು, ಯಾರೋ ಮಾಂಸ ತುಂಬಿದ ಕಡುಬಿನಂಥ ಪೇಸ್ಟಿ. ದೊಡ್ಡ ಸಂಸ್ಥೆಯ ಇಬ್ಬರು ಅಧಿಕಾರಿಗಳು ನಗುಮುಖ ಹೊತ್ತು ಗೋಡೆಗೊರಗಿ ಕುಳಿತಿದ್ದರು. ಲಿಯೆನ್ ಠರಾವು ಓದತೊಡಗಿದಾಗ ಮೇಲಿನ ಟ್ಯೂಬ್‌ಲೈಟ್ ಮಿಣುಕತೊಡಗಿತು. ಒಂದು ಪುಟ ಓದುವಷ್ಟು ಹೊತ್ತು ಗ್ಲೆನಿಸ್ ತಡೆದುಕೊಂಡಳು. ಎರಡನೆಯ ಪುಟಕ್ಕೆ ಸ್ಟೂಲು ಎಳೆದುಕೊಂಡು ಹತ್ತಿದಳು. ಒಪ್ಪುವವರು ಕೈ ಎತ್ತಿ ಎಂದಾಗ ಎಂಟು ಕೈ ಕೆಳಗೆ ಎದ್ದವು, ಒಂದು ಕೈ ಆಗಲೇ ಚಾವಣಿಯಲ್ಲಿತ್ತು.

ಲಿಯೆನ್ ಕನ್ನಡಕದ ಮೇಲಿಂದ ನೋಡಿದಳು. "ಗ್ಲೆನಿಸ್, ಆ ಕೈ ಠರಾವಿಗೋ ಟ್ಯೂಬಿಗೋ? ನಡಾವಳಿಗೆ ಬೇಕು."

ಗ್ಲೆನಿಸ್ ಟ್ಯೂಬನ್ನು ಕಾಲು ಸುತ್ತು ತಿರುಗಿಸಿದಳು. ಬೆಳಕು ನಿಂತಿತು. ಅವಳು ಕೈ ಇಳಿಸಲಿಲ್ಲ.

"ಠರಾವಿಗೇ ಬರ್ಕೋ" ಅಂದಳು.

ಆರು ತಿಂಗಳಲ್ಲಿ ಹನ್ನೊಂದನೆಯ ಮನೆ ಮಾರಾಟವಾಯಿತು. ಸಂಸ್ಥೆ ಅವಳಿಗೆ ಒಂದು ಮೈಲಿ ದೂರದಲ್ಲಿ ಎರಡು ಕೋಣೆಯ ಹೊಸ ಮನೆ ಕೊಟ್ಟಿತು. ಗೋಡೆ ಒಣಗಿದೆ, ನಲ್ಲಿ ಗಟ್ಟಿಯಾಗಿದೆ, ಮಾಡಲು ಏನೂ ಇಲ್ಲ. ಅಲ್ಲಿ ಅವಳು ಇರುವುದು ಕಡಿಮೆ. ಹಳೆಯ ರಸ್ತೆಯಲ್ಲಿ ಮೇಲೆ ಕೆಳಗೆ ನಡೆಯುತ್ತಾಳೆ, ಲಿಯೆನ್‌ಳ ಮನೆಯಲ್ಲಿ ಚಹಾ ಅರ್ಧ ಕುಡಿದು ಎದ್ದು ಹೋಗುತ್ತಾಳೆ. ರಿಪೇರಿಗೆ ಈಗ ಒಂದು ಫೋನ್ ನಂಬರ್ ಇದೆ. ಸಂಸ್ಥೆಯವರು ಕೆಟ್ಟವರಲ್ಲ, ಬಾಡಿಗೆದಾರರಲ್ಲೇ ಕೈಕೆಲಸ ಬಲ್ಲವರನ್ನು ಆರಿಸಿ, ತರಬೇತಿ ಕೊಟ್ಟು, ಸಣ್ಣಪುಟ್ಟ ರಿಪೇರಿಗೆ ಸ್ವಯಂಸೇವಕರಾಗಿ ಕಳಿಸುವ ಏರ್ಪಾಡು ಮಾಡಿದ್ದಾರೆ. ಗ್ಲೆನಿಸ್ ಮೊದಲ ದಿನವೇ ಅರ್ಜಿ ಹಾಕಿದಳು. ಮಾರಿಬೆಲ್ ಅವಳ ಪರವಾಗಿ ಮಾತಾಡಿದರು. ಆದರೂ ಅರ್ಜಿ ತಿರುಗಿ ಬಂತು. ಹದಿನೈದು ಸಾಕೆಟ್‌ಗಳು ಸರಿಯಾಗಿದ್ದುದರಿಂದ ದಂಡವೇನೂ ಬೀಳಲಿಲ್ಲ. ಆದರೆ ಬೆಂಕಿ ಹತ್ತಿದ್ದಕ್ಕೆ ತಾನೇ ಕಾರಣ ಎಂದು ಸಹಿ ಹಾಕಿದವರ ಕೈಗೆ ಉಪಕರಣ ಕೊಡಲು ವಿಮೆಯವರು ಒಪ್ಪುವುದಿಲ್ಲ.

ಆ ಕಾಗದವನ್ನು ಅವಳು ಮೂಲೆಯ ಅಂಗಡಿಗೆ ತಂದು ಗಲ್ಲಾಪೆಟ್ಟಿಗೆಯ ಮೇಲಿಟ್ಟು ತೋರಿಸಿದಳು. "ಒಂದು ತಿರುಪು ನೋಡು. ಒಂದು ತಿರುಪು ಬಿಗಿ ಮಾಡಿದ್ದಿದ್ರೆ..." ಎಂದು ನಿಲ್ಲಿಸಿ, ವಾಷರುಗಳ ಡಬ್ಬಿಯಲ್ಲಿ ಕೈಯಾಡಿಸಿ, ಏನೂ ಕೊಳ್ಳದೆ ಹೋದಳು.

ಆ ಅಂಗಡಿಯವನು ನಾನು. ಅವಳ ತಿರುಪು ಬಿಗಿಯಾಗಿಯೇ ಇತ್ತು. ಲಿಯೆನ್‌ಳ ಸಾಕೆಟ್ ಸುಟ್ಟ ವರ್ಷ ಸಗಟು ವ್ಯಾಪಾರಿ ಒಂದು ಪೆಟ್ಟಿಗೆ ಸಾಕೆಟ್‌ಗಳನ್ನು ದೋಷವಿದೆ ಎಂದು ವಾಪಸು ಕೇಳಿದ್ದ. ಕಳಿಸುವ ಮೊದಲು ನಾನು ಅದರಿಂದ ಒಂದನ್ನು ಮಾರಿದ್ದೆ, ಗ್ಲೆನಿಸ್‌ಗೆ. ಲಿಯೆನ್‌ಳ ಬಾಗಿಲ ಮೇಲಿನ ಆ ಸಾಲಿನಲ್ಲಿ ಇರಬೇಕಾದ ಹೆಸರು ನನ್ನದು. ಅದನ್ನು ಅವಳಿಗೂ ಮಾರಿಬೆಲ್‌ಗೂ ಹೇಳಿ ಸಹಿ ಹಾಕಿಕೊಡುವುದು ನಾನು ಅವಳಿಗೆ ಉಳಿಸಿಕೊಂಡಿರುವ ಬಾಕಿ.